ಓದುಗರ ಪ್ರಶ್ನೆ: ನೈವೇಲಿಯ ಲಿಗ್ನೈಟನ್ನು ಒಣಗಿಸಿ ರಾಯಚೂರಿಗೆ ತರಬಾರದೇ?

ಬೇಸಿಗೆಯಲ್ಲಿ ಲೋಡ್‌ಶೆಡ್ಡಿಂಗ್ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಇನ್ನೊಮ್ಮೆ ಹೇಳಿಬಿಡೋಣ. ಲಿಗ್ನೈಟ್ ಎಂದರೆ ಇನ್ನೂ ಪೂರ್ತಿ ಕಲ್ಲಿದ್ದಲಾಗದ ಕಂದು ಇಂಧನ. ತಮಿಳುನಾಡಿನ ನೈವೇಲಿಯಲ್ಲಿ ಅಗೆದ ಲಿಗ್ನೈಟ್‌ನ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. ಅದನ್ನು ದೂರ ಸಾಗಿಸುವುದೆಂದರೆ ರೈಲು ಬಾಡಿಗೆ ಕೊಟ್ಟು ನೀರು ಹೊತ್ತಂತೆ. ಅದಕ್ಕೇ ಅದನ್ನು ಉರಿಸುವ ವಿದ್ಯುತ್ ಸ್ಥಾವರಗಳು ಗಣಿಯ ಪಕ್ಕದಲ್ಲೇ ಇವೆ. ಕರ್ನಾಟಕದ ಪಾಲಿನ ವಿದ್ಯುತ್ ತಂತಿಯಲ್ಲಿ ಬರುತ್ತದೆ.

‘ಒಣಗಿಸಿದರೆ ಕಲ್ಲಿದ್ದಲೇ ಆಯಿತಲ್ಲ’ ಎನ್ನುವವರಿಗೆ: ಹಸಿ ಸೌದೆ ಒಣಗಿದರೆ ಒಣ ಸೌದೆಯಾಗುತ್ತದೆ, ಇದ್ದಿಲಾಗುವುದಿಲ್ಲ. ಲಿಗ್ನೈಟ್ ಕಲ್ಲಿದ್ದಲಾಗಲು ಭೂಮಿಯೊಳಗೆ ಕೋಟ್ಯಂತರ ವರ್ಷಗಳ ಒತ್ತಡ, ಶಾಖ ಬೇಕು. ಇದರ ನೀರು ಮೇಲ್ಮೈಯಲ್ಲಿಲ್ಲ, ಸೂಕ್ಷ್ಮ ರಂಧ್ರಗಳೊಳಗಿದೆ. ನೀರು ಹೋದಂತೆ ಗಡ್ಡೆ ಕುಗ್ಗಿ, ಬಿರಿದು, ಪುಡಿಯಾಗುತ್ತದೆ. ಶಾಖಮೌಲ್ಯ ಏರುವುದು ನಿಜ, ಆದರೆ ಆ ಪುಡಿ ಮಳೆಗಾಲದ ಹಪ್ಪಳದಂತೆ ಮತ್ತೆ ತೇವ ಹೀರುತ್ತದೆ. ಜೊತೆಗೆ ಗಾಳಿಯ ಆಮ್ಲಜನಕವನ್ನೂ ಹೀರಿ ತಾನೇ ಬಿಸಿಯಾಗಿ, ಬೆಂಕಿಕಡ್ಡಿ ಗೀರದೆಯೇ ಹೊಗೆಯಾಡುತ್ತದೆ. ಯಾರ್ಡಿನಲ್ಲಿ ರಾಶಿಯನ್ನು ಹೆಚ್ಚು ದಿನ ಬಿಡದೆ, ಗಾಳಿ ಒಳಹೋಗದಂತೆ ಡೋಜರ್‌ನಿಂದ ಅದುಮುವುದು ಇದಕ್ಕೇ.

ಒಣಗಿಸುವ ಕೆಲಸ ನೈವೇಲಿಯ ಸ್ಥಾವರಗಳಲ್ಲೂ ನಡೆಯುತ್ತದೆ, ಆದರೆ ಬಿಸಿಲಿನಲ್ಲಿ ಅಲ್ಲ. ಪುಡಿ ಮಾಡಿ ಉರಿಸುವ ಬಾಯ್ಲರ್‌ಗಳಲ್ಲಿ ಕುಲುಮೆಯಿಂದಲೇ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನ ಹೊಗೆಯನ್ನು ಲಿಗ್ನೈಟ್ ಪುಡಿ ಮಾಡುವ ಮಿಲ್‌ಗೆ ಎಳೆದುಕೊಂಡು, ಪುಡಿ ಮಾಡುತ್ತಲೇ ಒಣಗಿಸುತ್ತಾರೆ. ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಪುಡಿ ಸಿಡಿಯುವ ಭಯವೂ ಕಡಿಮೆ. ಒಂದು ಕೆ.ಜಿ. ಲಿಗ್ನೈಟ್‌ನಲ್ಲಿರುವ ಅರ್ಧ ಲೀಟರ್ ನೀರು ಆವಿಯಾಗಲು ಸುಮಾರು 300 ಕಿಲೊಕ್ಯಾಲೊರಿ ಖರ್ಚು. ಆ ಆವಿಯೂ ಕುಲುಮೆಯ ಮೂಲಕವೇ ಹೋಗಬೇಕಾದ್ದರಿಂದ ಬಾಯ್ಲರ್ ದೊಡ್ಡದಿರಬೇಕು. ರಾಯಚೂರಿನ ಕಲ್ಲಿದ್ದಲು ಸ್ಥಾವರದ ಮಿಲ್‌ಗಳು ಕುಲುಮೆಯ ಹೊಗೆ ಎಳೆಯುವಂಥವಲ್ಲ, ಬಿಸಿಗಾಳಿ ಊದುವಂಥವು. ಹಸಿ ಲಿಗ್ನೈಟ್ ಹಾಕಿದರೆ ಮಿಲ್ಲೇ ಕಟ್ಟಿಕೊಳ್ಳುತ್ತದೆ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ: ಮಳೆಯಿಲ್ಲದ ದಿನವೂ ನೈವೇಲಿಯ ಗಣಿಯಲ್ಲಿ ಪಂಪ್‌ಗಳು ಯಾಕೆ ಓಡುತ್ತವೆ? ಗಣಿಯೊಳಗೆ ಬಿದ್ದ ನೀರನ್ನಷ್ಟೇ ಎತ್ತುತ್ತಾರೆ ಎಂದುಕೊಳ್ಳಬೇಡಿ. ಲಿಗ್ನೈಟ್ ಪದರದ ಕೆಳಗಿನ ಮರಳಿನಲ್ಲಿ ಒತ್ತಡದ ಅಂತರ್ಜಲವಿದ್ದು, ಪ್ರತಿ ಚದರ ಸೆಂ.ಮೀ.ಗೆ 6ರಿಂದ 8 ಕೆ.ಜಿ. ಬಲದಿಂದ ಮೇಲಕ್ಕೆ ತಳ್ಳುತ್ತದೆ. ಮೇಲಿನ ಮಣ್ಣಿನ ಭಾರ ಇರುವವರೆಗೆ ಸರಿ. ಬಕೆಟ್ ಚಕ್ರದ ಯಂತ್ರ ಆ ಮಣ್ಣನ್ನು ತೆಗೆದ ಮೇಲೆ ತಳವೇ ಉಬ್ಬಿ, ಒಡೆದು, ನೀರು ನುಗ್ಗಬಹುದು. ಅದಕ್ಕೆ ಮೊದಲೇ ಕೊಳವೆಬಾವಿ ಕೊರೆದು ಹಗಲೂ ರಾತ್ರಿ ನೀರೆತ್ತಿ ಒತ್ತಡ ಇಳಿಸುತ್ತಾರೆ. ಕರೆಂಟು ಹೋಗಿ ಅಗೆಯುವ ಯಂತ್ರ ನಿಂತರೆ ಆ ಪಾಳಿಯ ಉತ್ಪಾದನೆ ನಷ್ಟ, ಅಷ್ಟೇ. ಪಂಪ್‌ಗಳು ನಿಂತರೆ ಕೆಳಗಿನ ನೀರು ಮತ್ತೆ ಏರತೊಡಗುತ್ತದೆ.