ಬ್ರಿಸಲ್ ವರ್ಮ್ ಅಂದರೆ ಯಾವ ಹುಳು?

‘ಟ್ಯಾಂಕಿಗೆ ಬ್ರಿಸಲ್ ವರ್ಮ್ ಬಂದುಬಿಟ್ಟಿದೆ, ಯಾವ ಔಷಧಿ ಹಾಕಲಿ?’ ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ನಡುವೆ ಈ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಕೇಳುವವರು ಯಾವ ಹುಳು ಎಂದು ಹೇಳುವುದಿಲ್ಲ, ಉತ್ತರ ಕೊಡುವವರು ಯಾವ ಹುಳು ಎಂದು ವಿಚಾರಿಸುವುದಿಲ್ಲ. ನೇರವಾಗಿ ಕೊಲ್ಲುವ ದಾರಿಗಳ ಪಟ್ಟಿ ಶುರುವಾಗುತ್ತದೆ. ಪದವನ್ನು ರೋಗದ ಹೆಸರಿನಂತೆ ಬಳಸಿದ್ದರ ಫಲ ಇದು.

ಬ್ರಿಸಲ್ ವರ್ಮ್ ಎಂಬುದು 10,000ಕ್ಕೂ ಹೆಚ್ಚು ಪ್ರಭೇದಗಳಿರುವ ಒಂದು ಗುಂಪಿನ ಹೆಸರು. ಉಂಗುರ ಉಂಗುರವಾದ ಮೈ, ಒಂದೊಂದು ಉಂಗುರದ ಇಕ್ಕೆಲದಲ್ಲೂ ಕಾಲಿನಂಥ ಮಾಂಸಲ ಚಾಚು, ಅದರ ತುದಿಯಲ್ಲಿ ಬಿರುಗೂದಲ ಗೊಂಚಲು: ಸಾಮಾನ್ಯವಾಗಿ ಇದೇ ಇವುಗಳ ಗುರುತು. ದುಡ್ಡು ಕೊಟ್ಟು ತಂದು ಹವಳದ ಪಕ್ಕದಲ್ಲಿ ಅಂದಕ್ಕೆ ನಿಲ್ಲಿಸುವ ಫೆದರ್ ಡಸ್ಟರ್ ಕೂಡ ಬ್ರಿಸಲ್ ವರ್ಮ್. ಕ್ರಿಸ್‌ಮಸ್ ಟ್ರೀ ವರ್ಮ್ ಕೂಡ ಹೌದು. ಗಾಜಿಗೆ ಅಂಟಿಕೊಳ್ಳುವ ಪುಟ್ಟ ಬಿಳಿ ಸುರುಳಿ, ಅಂದರೆ ಸ್ಪೈರೋರ್ಬಿಸ್, ಮತ್ತು ಬಂಡೆಯ ಬಿರುಕಿನಿಂದ ದಾರಗಳನ್ನು ಚಾಚಿ ಕೂರುವ ಸ್ಪಗೆಟಿ ವರ್ಮ್ ಕೂಡ ಇದೇ ಬಳಗದವು. ‘ಎಲ್ಲ ಬ್ರಿಸಲ್ ವರ್ಮ್‌ಗಳನ್ನೂ ತೆಗೆದುಹಾಕಿ’ ಎಂದು ಸಲಹೆ ಕೊಡುವವರು ಇವನ್ನೂ ತೆಗೆಯಬೇಕಾಗುತ್ತದೆ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಈ ಗುಂಪಿನ ಶಾಸ್ತ್ರೀಯ ಹೆಸರು ಪಾಲಿಕೀಟ. ನಮ್ಮ ಲಿಪಿಯಲ್ಲಿ ಅದನ್ನು ಓದಿದೊಡನೆ ಕಣ್ಣಿಗೆ ಬೀಳುವುದು ‘ಕೀಟ’. ಕೀಟ ಎಂದ ಮೇಲೆ ಕೀಟಬಾಧೆ, ಕೀಟನಾಶಕ ಎಲ್ಲವೂ ಹಿಂಬಾಲಿಸುತ್ತವೆ. ಆದರೆ ಇಲ್ಲಿರುವ ‘ಕೀಟ’ಕ್ಕೂ ಸಂಸ್ಕೃತದ ಕೀಟಕ್ಕೂ ನಂಟಿಲ್ಲ. ಗ್ರೀಕ್ ಭಾಷೆಯಲ್ಲಿ ‘ಪೋಲುಸ್’ ಅಂದರೆ ಬಹಳ, ‘ಖೈಟೆ’ ಅಂದರೆ ನೀಳಗೂದಲು. ಕುದುರೆಯ ಅಯಾಲಿಗೂ ಆ ಮಾತು ಸಲ್ಲುತ್ತದೆ. ಎರಡೂ ಸೇರಿ ‘ಬಹಳ ಕೂದಲಿನದು’ ಎಂಬ ಅರ್ಥ. ಇದಕ್ಕೆ ಜೋಡಿಯಾಗಿ ‘ಒಲಿಗೋಕೀಟ’ ಎಂಬ ಹೆಸರೂ ಇದೆ. ‘ಒಲಿಗೋಸ್’ ಅಂದರೆ ಕೆಲವೇ. ಎರೆಹುಳುವಿನ ಗುಂಪಿಗೆ ಆ ಹೆಸರು. ಎರೆಹುಳುವನ್ನು ಬಾಲದಿಂದ ತಲೆಯತ್ತ ಸವರಿದರೆ ಬೆರಳಿಗೆ ತರಿತರಿಯಾಗಿ ಸಿಗುತ್ತವಲ್ಲ, ಅವೇ ಆ ಕೆಲವು ಕೂದಲು. ವಂಶವಾಹಿಗಳ ಅಧ್ಯಯನ ಮುಂದುವರಿದಂತೆ ಈ ಎರಡು ಹೆಸರುಗಳ ನಡುವಿನ ಗೋಡೆಯೂ ಬಿದ್ದಿದೆ. ಎರೆಹುಳು, ಜಿಗಣೆಗಳು ಪಾಲಿಕೀಟಗಳ ವಂಶವೃಕ್ಷದ ಒಳಗಿನದೇ ಒಂದು ಕೊಂಬೆ ಎಂದು ಈಗ ಒಪ್ಪಲಾಗಿದೆ.

ಇದನ್ನು ‘ಸಮುದ್ರದ ಕಂಬಳಿಹುಳು’ ಎಂದು ಕನ್ನಡಿಸುವುದೂ ಬೇಡ. ಕಂಬಳಿಹುಳು ಪತಂಗದ ಮರಿ, ನಿಜವಾದ ಅರ್ಥದಲ್ಲಿ ಕೀಟ. ಬ್ರಿಸಲ್ ವರ್ಮ್ ದೊಡ್ಡದಾದ ಮೇಲೂ ಹುಳುವೇ. ‘ಬಿರುಗೂದಲ ಹುಳು’ ಎಂದರೆ ಅರ್ಥ ಸರಿಯಾಗಿ ಬರುತ್ತದೆ, ಬ್ರಿಸಲ್ ವರ್ಮ್ ಎಂದೇ ಬರೆದರೂ ಅಡ್ಡಿಯಿಲ್ಲ.

ಇನ್ನು ತಾಳ್ಮೆ ಕೆಡಿಸುವ ಮುಖ್ಯ ಗೊಂದಲ, ಫೈರ್ ವರ್ಮ್. ‘ಬ್ರಿಸಲ್ ವರ್ಮ್ ಒಳ್ಳೆಯದು, ಫೈರ್ ವರ್ಮ್ ಕೆಟ್ಟದು’ ಎಂಬ ಸೂತ್ರ ಎಲ್ಲ ಕಡೆ ಓಡಾಡುತ್ತಿದೆ. ಒಂದು ಇಡೀ ಗುಂಪಿನ ಹೆಸರು, ಇನ್ನೊಂದು ಅದರೊಳಗಿನ ಒಂದು ಕುಟುಂಬದ ಹೆಸರು. ಎರಡನ್ನೂ ಎದುರುಬದುರು ನಿಲ್ಲಿಸಲಾಗದು. ಫೈರ್ ವರ್ಮ್ ಎಂದರೆ ಆಂಫಿನೋಮಿಡೇ ಕುಟುಂಬದ ಹುಳು. ಆಂಫಿನೋಮೆ ಗ್ರೀಕ್ ಪುರಾಣದ ಒಬ್ಬ ಕಡಲಕನ್ಯೆ. ಹಳೆಯ ಪ್ರಾಣಿಶಾಸ್ತ್ರಜ್ಞರಿಗೆ ಈ ಹುಳುಗಳ ಮೇಲೆ ಎಷ್ಟು ಅಕ್ಕರೆಯಿತ್ತೋ, ಯುನೀಸೆ, ನೀರೀಸ್, ಅಫ್ರೊಡೈಟಿಯರ ಹೆಸರುಗಳನ್ನೂ ಇವುಗಳಿಗೇ ಹಂಚಿದ್ದಾರೆ. ಆಂಫಿನೋಮಿಡೇ ಕುಟುಂಬದವುಗಳ ಕೂದಲು ಮುಖ್ಯವಾಗಿ ಸುಣ್ಣದ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಆದದ್ದು, ಗಾಜಿನಂತೆ ಪೆಡಸು. ಮುಟ್ಟಿದರೆ ಚರ್ಮದೊಳಗೆ ಮುರಿದು ಉಳಿದು, ಉರಿ ಹತ್ತಿಸುತ್ತದೆ. ಹೆಸರಿನಲ್ಲಿರುವ ‘ಬೆಂಕಿ’ ಈ ಉರಿಯದು. ಹುಳು ಏನು ತಿನ್ನುತ್ತದೆ ಎಂಬುದಕ್ಕೂ ಆ ಹೆಸರಿಗೂ ಸಂಬಂಧವಿಲ್ಲ.

ನಮ್ಮ ಟ್ಯಾಂಕುಗಳಲ್ಲಿ ಲೈವ್ ರಾಕ್ (ಜೀವಿಗಳು ನೆಲೆಸಿರುವ ಸಮುದ್ರದ ಬಂಡೆ) ಜೊತೆ ಬಂದು ಸೇರುವ, ‘ಒಳ್ಳೆಯ ಬ್ರಿಸಲ್ ವರ್ಮ್’ ಎಂದು ಎಲ್ಲರೂ ಹೊಗಳುವ ಹುಳುಗಳಲ್ಲಿ ಯೂರಿಥೋಯಿ ಕಾಂಪ್ಲನಾಟ ಬಹಳ ಸಾಮಾನ್ಯ. ಅದು ಆಂಫಿನೋಮಿಡೇ ಕುಟುಂಬದ್ದೇ, ಅಂದರೆ ಫೈರ್ ವರ್ಮೇ. ಉರಿಯೂತ ತರಿಸುವ ಕಾಂಪ್ಲನೀನ್ ಎಂಬ ವಸ್ತುವನ್ನು ಮೊದಲು ಬೇರ್ಪಡಿಸಿದ್ದೂ ಇದರಿಂದಲೇ, ಆ ಹೆಸರು ಬಂದದ್ದೂ ಇದರಿಂದಲೇ. ಹಾಗಿದ್ದೂ ಅದು ಆರೋಗ್ಯವಾಗಿರುವ ಹವಳದ ತಂಟೆಗೆ ಹೋಗದೆ, ಉಳಿದ ಆಹಾರ, ಸತ್ತ ಮೀನು, ಕೊಳೆತ ಪಾಚಿ ತಿಂದುಕೊಂಡಿರುತ್ತದೆ. ಬಂಡೆಯ ಸಂದುಗಳಿಗೆ, ಮರಳಿನ ಅಡಿಗೆ ಅದು ತಲುಪುವಷ್ಟು ಬಸವನಹುಳು, ಏಡಿಗಳು ತಲುಪಲಾರವು. ಕೈಗೆ ಕೆಟ್ಟದ್ದು, ಟ್ಯಾಂಕಿಗೆ ಒಳ್ಳೆಯದು: ಎರಡೂ ಒಂದೇ ಹುಳುವಿನ ವಿಷಯದಲ್ಲಿ ನಿಜ.

ಹವಳ ತಿನ್ನುವ ಕುಖ್ಯಾತಿ ಸಲ್ಲಬೇಕಾದದ್ದು ಹರ್ಮೊಡೈಸ್ ಕ್ಯಾರಂಕ್ಯುಲಾಟ ಎಂಬ ಪ್ರಭೇದಕ್ಕೆ, ಬಿಯರ್ಡೆಡ್ ಫೈರ್ ವರ್ಮ್ ಎಂದು ಕರೆಯುವರಲ್ಲ, ಅದಕ್ಕೆ. ಹವಳದ ಕವಲಿನ ತುದಿಯನ್ನು ಬಾಯಿಂದ ಆವರಿಸಿ, ಮೇಲಿನ ಜೀವಂತ ಪದರವನ್ನು ತಿಂದು, ಬರೀ ಬಿಳಿ ಅಸ್ಥಿ ಉಳಿಸಿ ಹೋಗುತ್ತದೆ. ಇದು ಅಟ್ಲಾಂಟಿಕ್, ಕೆರಿಬಿಯನ್, ಮೆಡಿಟರೇನಿಯನ್ ಕಡಲುಗಳ ಜೀವಿ. ಹಿಂದೂ ಮಹಾಸಾಗರದ ಅಥವಾ ಪೆಸಿಫಿಕ್‌ನ ಬಂಡೆಯಲ್ಲಿ ಕಂಡ ಪ್ರತಿಯೊಂದು ಹುಳುವಿಗೂ ಈ ಹೆಸರು ಅಂಟಿಸುವ ಮುನ್ನ ಬಂಡೆ ಎಲ್ಲಿಂದ ಬಂತು ಎಂದು ಕೇಳಬೇಕು. ಅದೇ ಕುಟುಂಬದ ಫೆರಿಕಾರ್ಡಿಯ ಸ್ಟ್ರಿಯಾಟ ಮಾಡುವ ಕೆಲಸ ಬೇರೆಯೇ. ಹವಳದ ದೊಡ್ಡ ಶತ್ರುವಾದ ಮುಳ್ಳುಕಿರೀಟದ ನಕ್ಷತ್ರಮೀನಿಗೆ ಹಾರ್ಲೆಕ್ವಿನ್ ಸೀಗಡಿ ಗಾಯ ಮಾಡಿದಾಗ, ಆ ಗಾಯದ ಮೂಲಕ ಒಳಹೊಕ್ಕು ಒಳಗಿನಿಂದ ಅದನ್ನು ತಿನ್ನುವುದನ್ನು ಪನಾಮಾದ ಪೆಸಿಫಿಕ್ ಕರಾವಳಿಯಲ್ಲಿ ದಾಖಲಿಸಿದ್ದಾರೆ. ಬರ್ಮುಡಾದ ಫೈರ್ ವರ್ಮ್ ಈ ಕುಟುಂಬದ್ದೇ ಅಲ್ಲ. ಹುಣ್ಣಿಮೆ ಕಳೆದ ಬೆನ್ನಿಗೆ, ಸಂಜೆಗತ್ತಲಲ್ಲಿ ಹಸಿರಾಗಿ ಹೊಳೆಯುವುದರಿಂದ ಅದಕ್ಕೆ ಆ ಹೆಸರು.

ಗುರುತಿಸಲು ಬಣ್ಣವನ್ನು ನಂಬಬೇಡಿ. ತಿಳಿಗುಲಾಬಿ, ಕಿತ್ತಳೆ, ಬೂದು ಎಲ್ಲವೂ ನಿರುಪದ್ರವಿಗಳಲ್ಲೂ ಇವೆ. ತಲೆ ನೋಡಿ. ಹರ್ಮೊಡೈಸ್‌ನ ತಲೆಯ ಮೇಲೆ ಕ್ಯಾರಂಕಲ್ ಎಂಬ ಮಾಂಸದ ನೆರಿಗೆ ದೊಡ್ಡದಾಗಿ ಎದ್ದು ಕಾಣುತ್ತದೆ, ಪ್ರಭೇದದ ಹೆಸರಿಗೆ ಕಾರಣವೂ ಅದೇ. ಯೂರಿಥೋಯಿಯಲ್ಲಿ ಅದು ಸಣ್ಣದು, ಬರಿಗಣ್ಣಿಗೆ ಕಂಡರೆ ಕಂಡೀತು. ಹರ್ಮೊಡೈಸ್‌ಗೆ ಬಿಳಿ ಕೂದಲ ಬುಡದಲ್ಲಿ ಕೆಂಪು ಕಿವಿರುಗಳ ಗೊಂಚಲೂ ಇರುತ್ತದೆ. ತಲೆಯ ಮೇಲೆ ಐದು ಮೀಸೆ, ಮೈಮೇಲೆ ಕಾಮನಬಿಲ್ಲಿನ ಹೊಳಪು, ತೀರ ಗಿಡ್ಡ ಕೂದಲು ಕಂಡರೆ ಅದು ಯುನೀಸೆ ಕಡೆಯದು. ಅವುಗಳಲ್ಲೂ ಎಲ್ಲವೂ ಕೇಡಿಗಳಲ್ಲ, ಆದರೆ ಬಾಬಿಟ್ ವರ್ಮ್ ಇದೇ ಕುಲದ್ದು, ಅದಕ್ಕೆ ದವಡೆಯಿದೆ. 2009ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಸಾರ್ವಜನಿಕ ಅಕ್ವೇರಿಯಂ ಒಂದರಲ್ಲಿ ಹವಳಗಳು ಹಾಳಾಗುತ್ತ, ಮೀನುಗಳು ಗಾಯಗೊಳ್ಳುತ್ತ ಬಂದಾಗ ಬಂಡೆಗಳನ್ನೆಲ್ಲ ಬಿಚ್ಚಿ ನೋಡಿದರು. ಸುಮಾರು ನಾಲ್ಕು ಅಡಿಯ ಇಂಥದೊಂದು ಹುಳು ಸಿಕ್ಕಿತು. ಕೂದಲೇ ಕಾಣದ, ನುಣುಪಾದ ಕಿತ್ತಳೆ ಹುಳು ಲೋಳೆ ಸುರಿಸುತ್ತ ಕ್ಲ್ಯಾಮ್ (ಎರಡು ಚಿಪ್ಪಿನ ಮೃದ್ವಂಗಿ) ಅಥವಾ ಬಸವನಹುಳುವಿನ ಮೇಲೆ ಕೂತಿದ್ದರೆ ಅದು ಓನೋನೆ ಫಲ್ಜಿಡ. ಅದನ್ನು ಮಾತ್ರ ಕೂಡಲೇ ಹಿಡಿದು ತೆಗೆಯಬೇಕು.

ಸತ್ತ ಕ್ಲ್ಯಾಮ್ ಮೇಲೆ ಹುಳುಗಳ ಗುಂಪು ಕಂಡಿತೆಂದು ಅವುಗಳೇ ಕೊಂದವು ಎಂದು ತೀರ್ಮಾನಿಸುವುದು ಅನ್ಯಾಯ. ಸತ್ತದ್ದರ ವಾಸನೆಗೆ ಬಂದವು ಅವು. ಸಾವಿನ ಕಾರಣಕ್ಕೆ ನೀರಿನ ಉಪ್ಪಿನಂಶ, ಕ್ಷಾರೀಯತೆ, ಅಮೋನಿಯಾ ನೋಡಿ.

ಹುಳುಗಳ ಸಂಖ್ಯೆ ಏರಿದ್ದರೆ ಆಹಾರ ಹೆಚ್ಚಾಗಿದೆ ಎಂದೇ ಅರ್ಥ. ಮೀನಿಗೆ ಹಾಕುವುದನ್ನು ಕಡಿಮೆ ಮಾಡಿ, ಮರಳಿನ ಮೇಲೆ ನಿಂತ ಕಸ ಎಳೆದು ತೆಗೆದರೆ ಕೆಲವು ವಾರಗಳಲ್ಲಿ ಅವೂ ಇಳಿಯುತ್ತವೆ. ಅವಸರವಿದ್ದರೆ ರಾತ್ರಿ ಸೀಗಡಿಯ ತುಣುಕಿಟ್ಟು ಟ್ರ್ಯಾಪ್ ಹಾಕಿ, ಇಲ್ಲವೇ ಕೆಂಪು ಬೆಳಕಿನಲ್ಲಿ ಉದ್ದ ಚಿಮುಟದಿಂದ ಹಿಡಿಯಿರಿ. ಔಷಧಿ ಬೇಡ. ತಾಮ್ರದ ಔಷಧಿ ಹುಳುವಿನೊಂದಿಗೆ ಸೀಗಡಿ, ಬಸವನಹುಳು, ಹವಳಗಳನ್ನೂ ಮುಗಿಸುತ್ತದೆ, ಬಂಡೆಯಲ್ಲೂ ಇಂಗಿ ಉಳಿಯುತ್ತದೆ. ಹುಳುಗಳೆಲ್ಲ ಒಟ್ಟಿಗೆ ಸತ್ತು ಕೊಳೆತರೆ ಏರುವ ಅಮೋನಿಯಾ ಬೇರೆ. ಸಿಕ್ಸ್‌ಲೈನ್ ರಾಸ್ ಎಂಬ ಮೀನು, ಆರೋ ಕ್ರ್ಯಾಬ್ ಎಂಬ ಏಡಿ, ಕೋರಲ್ ಬ್ಯಾಂಡೆಡ್ ಸೀಗಡಿ ಈ ಹುಳುಗಳನ್ನು ತಿನ್ನುವುದು ನಿಜ. ಆದರೆ ಮೊದಲನೆಯದು ಇತರ ಮೀನುಗಳ ಬೆನ್ನು ಹತ್ತುತ್ತದೆ, ಉಳಿದೆರಡು ಚಿಕ್ಕ ಮೀನಿಗೂ ಕೈಹಾಕುತ್ತವೆ. ಕಸ ತಿನ್ನುವ ಜೀವಿಯನ್ನು ತಿನ್ನಿಸಲೆಂದೇ ಇನ್ನೊಂದು ಪ್ರಾಣಿ ತರುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಬಂಡೆ ಎತ್ತುವಾಗ ದಪ್ಪ ಕೈಗವಸು ಹಾಕಿ. ಕೂದಲು ಚುಚ್ಚಿದರೆ ಉಜ್ಜಬೇಡಿ, ಅಂಟುಪಟ್ಟಿ ಒತ್ತಿ ಎಳೆದರೆ ಬಹಳಷ್ಟು ಹೊರಬರುತ್ತವೆ. ಊತ ಹರಡಿದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಸಿಟ್ಟಿನಲ್ಲಿ ಹುಳುವನ್ನು ಟ್ಯಾಂಕಿನೊಳಗೇ ಕತ್ತರಿಸಬೇಡಿ: ಯೂರಿಥೋಯಿ ತನ್ನ ಮೈಯನ್ನು ತಾನೇ ತುಂಡರಿಸಿಕೊಂಡು ವಂಶ ಬೆಳೆಸುವ ಹುಳು, ಒಂದೊಂದು ತುಂಡೂ ತಲೆಬಾಲ ಚಿಗುರಿಸಿಕೊಂಡು ಪೂರ್ತಿ ಹುಳುವಾಗಬಲ್ಲದು.