ಫಳಫಳ ಹೊಳೆಯುವ ಬೋರ್ಡ್ ನಿಜಕ್ಕೂ ಕ್ಲೀನ್ ಆಗಿದೆಯಾ?

ಓದುಗರ ಪ್ರಶ್ನೆ: ಸೋಲ್ಡರಿಂಗ್ ಆದ ಮೇಲೆ ಪಿಸಿಬಿಗೆ (ಸರ್ಕ್ಯೂಟ್ ಬೋರ್ಡಿಗೆ) ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಷ್‌ನಿಂದ ಉಜ್ಜುತ್ತೇವೆ. ನೋಡಲು ಹೊಸದರಂತಿರುತ್ತದೆ. ಆದರೂ ಮಳೆಗಾಲ ಬಂತೆಂದರೆ ಕೆಲವು ಬೋರ್ಡ್ ಕೈಕೊಡುತ್ತವೆ. ಕ್ಲೀನ್ ಆಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಕಣ್ಣಿಗೆ ಕಾಣುವ ಕೊಳೆಗಿಂತ ಕಾಣದ ಉಪ್ಪಿನಿಂದಲೇ ಬೋರ್ಡಿಗೆ ಅಪಾಯ ಜಾಸ್ತಿ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸ್‌ನ ಆಮ್ಲ, ಬೆರಳಿನ ಬೆವರು, ಬೋರ್ಡ್ ತಯಾರಿಸುವಾಗಲೇ ಉಳಿದುಕೊಂಡ ಕ್ಲೋರೈಡ್, ಇವೆಲ್ಲ ಒಣಗಿದ್ದಾಗ ಸುಮ್ನೆ ಬಿದ್ದಿರುತ್ತವೆ. ಗಾಳಿಯ ತೇವ ಹೀರಿಕೊಂಡರೆ ಮಾತ್ರ ಕರೆಂಟ್ ಹರಿಯಲು ದಾರಿ ಮಾಡಿಕೊಡುತ್ತವೆ. ಆಗ ಪ್ಲಸ್ ಕಡೆಯ ತವರ, ತಾಮ್ರ ಸ್ವಲ್ಪಸ್ವಲ್ಪವೇ ಕರಗಿ ಮೈನಸ್ ಕಡೆ ಹೋಗಿ ಕೂರುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಜರಿಗಿಡದ ಎಲೆಯ ಹಾಗೆ ಕವಲೊಡೆದ ಲೋಹದ ಎಳೆ! ಅದು ಬೆಳೆದು ಎದುರಿನ ಟ್ರ್ಯಾಕ್ ಮುಟ್ಟಿದರೆ ಶಾರ್ಟ್. ಎಷ್ಟೋ ಸಲ ಆ ಶಾರ್ಟ್‌ನ ಬಿಸಿಗೆ ಎಳೆಯೇ ಸುಟ್ಟುಹೋಗಿ ಬೋರ್ಡ್ ಮತ್ತೆ ಓಡತೊಡಗುತ್ತದೆ. ರಿಪೇರಿಗೆ ಬಂದಾಗ ಬೆಂಚಿನ ಮೇಲೆ ಏನೂ ಸಿಗುವುದಿಲ್ಲ.

ಇನ್ನು ಬ್ರಷ್ ವಿಷಯ. ನೀವು ಬಳಸುವುದು ನೋ-ಕ್ಲೀನ್ ಫ್ಲಕ್ಸ್ (ತೊಳೆಯದೆ ಹಾಗೇ ಬಿಡಬಹುದಾದ ಫ್ಲಕ್ಸ್) ಆಗಿದ್ದರೆ, ಅರೆಬರೆ ತೊಳೆಯುವುದಕ್ಕಿಂತ ತೊಳೆಯದೇ ಬಿಡುವುದು ಎಷ್ಟೋ ಮೇಲು. ಚೆನ್ನಾಗಿ ಕಾದ ಫ್ಲಕ್ಸ್‌ನಲ್ಲಿ ಉಳಿದ ಆಮ್ಲವನ್ನು ರಾಳ ಮುಚ್ಚಿಟ್ಟಿರುತ್ತದೆ. ಐಪಿಎ ಆ ರಾಳವನ್ನು ಕರಗಿಸಿ, ಆಮ್ಲವನ್ನು ಬೋರ್ಡ್ ತುಂಬ ಸವರಿಬಿಡುತ್ತದೆ. ಒಣಗಿದ ಮೇಲೆ ಬಿಳಿ ಪದರ ಕಾಣಿಸುತ್ತೆ ಅಲ್ವಾ, ಎಷ್ಟೋ ಸಲ ಅದು ಇದೇ. ತೊಳೆಯುವುದೇ ಆದರೆ ಕೊಳೆಯಾದ ಐಪಿಎ ಬೋರ್ಡ್ ಮೇಲೆ ಒಣಗಲು ಬಿಡಬೇಡಿ. ಬೋರ್ಡನ್ನು ಓರೆ ಹಿಡಿದು ಹೊಸ ಐಪಿಎಯಿಂದ ಹರಿಸಿ ತೊಳೆಯಿರಿ.

ಪರೀಕ್ಷೆಗಳಲ್ಲಿ ಹಳೆಯದು, ಸುಲಭದ್ದು ರೋಸ್ ಟೆಸ್ಟ್. ಮುಕ್ಕಾಲು ಪಾಲು ಐಪಿಎ, ಕಾಲು ಪಾಲು ಶುದ್ಧ ನೀರು ಬೆರೆಸಿ ಅದರಲ್ಲಿ ಬೋರ್ಡ್ ಮುಳುಗಿಸುತ್ತಾರೆ. ಕರಗಿದ ಉಪ್ಪಿನಿಂದ ದ್ರಾವಣದ ರೋಧ ಎಷ್ಟು ಇಳಿಯಿತು ಅಂತ ಅಳೆದು, ಅದನ್ನು ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೇಳುತ್ತಾರೆ. ಚದರ ಸೆಂಟಿಮೀಟರಿಗೆ 1.56 ಮೈಕ್ರೋಗ್ರಾಂ ಒಳಗಿದ್ದರೆ ಪಾಸ್ ಅನ್ನುವ ಅಂಕಿ 1970ರ ದಶಕದ್ದು. ಆಗಿನ ಫ್ಲಕ್ಸ್ ಬೇರೆ, ದೊಡ್ಡ ದೊಡ್ಡ ಬಿಡಿಭಾಗಗಳು ಬೇರೆ. ಅದಲ್ಲದೆ ಇದು ಇಡೀ ಬೋರ್ಡಿನ ಸರಾಸರಿ. ಕಾಲುಗಳಿಲ್ಲದೆ ಬೋರ್ಡಿಗೆ ಅಂಟಿದಂತೆ ಕೂರುವ ಒಂದು ಕ್ಯೂಎಫ್‌ಎನ್ ಚಿಪ್ ಅಡಿಯಲ್ಲೇ ಕೊಳೆ ತುಂಬಿದ್ದರೂ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿಯೇ 2018ರಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಮಾನದಂಡ ರೂಪಿಸುವ ಸಂಸ್ಥೆ ಐಪಿಸಿ ಸೋಲ್ಡರಿಂಗ್ ಕುರಿತ ತನ್ನ ಜೆ-ಎಸ್‌ಟಿಡಿ-001 ನಿಯಮ ಬದಲಿಸಿತು. ಈಗ ಈ ಒಂದು ಅಂಕಿ ತೋರಿಸಿದರೆ ಸಾಲದು. ದಿನದಿನದ ಕೆಲಸ ಹದ ತಪ್ಪಿತಾ ಅಂತ ನೋಡಲು ಮಾತ್ರ ರೋಸ್ ಈಗಲೂ ಒಳ್ಳೆಯದೇ.

ಯಾವ ಕೊಳೆ ಅಂತ ಹೇಳುವುದು ಅಯಾನ್ ಕ್ರೊಮ್ಯಾಟೋಗ್ರಫಿ. ಕ್ಲೋರೈಡ್ ಎಷ್ಟು, ಬ್ರೋಮೈಡ್ ಎಷ್ಟು, ಫ್ಲಕ್ಸ್ ಆಮ್ಲ ಎಷ್ಟು ಅಂತ ಬಿಡಿಬಿಡಿಯಾಗಿ ಸಿಗುತ್ತದೆ. ಸೋಡಿಯಂ, ಕ್ಲೋರೈಡ್ ಎರಡೂ ಒಟ್ಟಿಗೆ ಏರಿದ್ದರೆ ಮೊದಲು ಬರಿಗೈಯನ್ನು ಅನುಮಾನಿಸಿ.

ಉಳಿದ ಕೊಳೆ ತೊಂದರೆ ಕೊಡುತ್ತದೆಯೇ ಅಂತ ತಿಳಿಯಲು ಎಸ್‌ಐಆರ್ (ಬೋರ್ಡಿನ ಮೇಲ್ಮೈಯ ರೋಧ ಅಳೆಯುವ) ಪರೀಕ್ಷೆ ಇದೆ. ಬಾಚಣಿಗೆ ಹಲ್ಲಿನಂತೆ ಹೆಣೆದ ಟ್ರ್ಯಾಕ್‌ಗಳಿರುವ ಬೋರ್ಡಿಗೆ ವೋಲ್ಟೇಜ್ ಕೊಟ್ಟು, 40 ಡಿಗ್ರಿ ಬಿಸಿ, 90 ಶೇಕಡಾ ತೇವದಲ್ಲಿ 168 ಗಂಟೆ ಇಡುತ್ತಾರೆ. ರೋಧ 100 ಮೆಗಾಓಮ್‌ಗಿಂತ ಕೆಳಗೆ ಇಳಿಯಬಾರದು. ಫ್ಲಕ್ಸ್ ಬದಲಿಸುವ ಮುಂಚೆ ಮಾಡಿಸಬೇಕಾದದ್ದು ಇದು.

ನಿಮ್ಮ ಕೆಟ್ಟ ಬೋರ್ಡನ್ನು ಲ್ಯಾಬ್‌ಗೆ ಕಳಿಸುವುದಾದರೆ ಅದನ್ನು ತೊಳೆಯಲೇಬೇಡಿ. ಅದೇ ಬ್ಯಾಚಿನ, ಕೆಡದ ಬೋರ್ಡ್ ಒಂದನ್ನು ಜೊತೆಗೆ ಕೊಡಿ. ಕೆಟ್ಟ ಜಾಗದಿಂದ ಮಾತ್ರ ಸ್ಯಾಂಪಲ್ ತೆಗೆಯಲು ಹೇಳಿ. ಗ್ಲೌಸ್ ಹಾಕಿಕೊಂಡು ಅಂಚಿನಲ್ಲಿ ಹಿಡಿಯಿರಿ, ಇಲ್ಲದಿದ್ದರೆ ನಿಮ್ಮ ಬೆವರೂ ರಿಪೋರ್ಟಿಗೆ ಸೇರುತ್ತದೆ.