ಗಸಗಸೆ ಗಿಡದ ಹಾಲು, ಮಿಲಿಗ್ರಾಂ ಲೆಕ್ಕ

ಗಸಗಸೆ ಪಾಯಸ ಕುಡಿದು ಮಧ್ಯಾಹ್ನವೆಲ್ಲ ಗೊರಕೆ ಹೊಡೆದವರು ತಪ್ಪನ್ನು ಅಫೀಮಿನ ಮೇಲೆ ಹೊರಿಸುವುದುಂಟು. ಬೆಲ್ಲ, ತೆಂಗಿನಕಾಯಿ, ಜೊತೆಗೆ ತಿಂದ ಹೋಳಿಗೆಯ ಮೇಲೆ ಹೊರಿಸಿದರೆ ಹೆಚ್ಚು ನ್ಯಾಯ. ಗಸಗಸೆ, ಅಫೀಮು ಎರಡೂ ಪಪಾವರ್ ಸೋಮ್ನಿಫೆರಮ್ ಎಂಬ ಒಂದೇ ಗಿಡದವು, ನಿಜ. ಆದರೆ ಅಫೀಮು ಎಂದರೆ ಹಸಿ ಕಾಯಿಯ ಸಿಪ್ಪೆಯೊಳಗಿನ ಸೂಕ್ಷ್ಮ ನಾಳಗಳಲ್ಲಿ ತುಂಬಿರುವ ಹಾಲು. ಬೀಜದಲ್ಲಿ ಆ ನಾಳಗಳೇ ಇಲ್ಲ. ಕಾಯಿ ಒಡೆಯುವಾಗ ಬೀಜದ ಮೈಗೆ ಅಂಟಿಕೊಂಡದ್ದಷ್ಟೇ ಮಾರ್ಫಿನ್, ಅಂದರೆ ಅಫೀಮಿನಲ್ಲಿರುವ ನೋವು ಕಳೆಯುವ ಸತ್ವ. ತೊಳೆದು ಹುರಿದರೆ ಅದರಲ್ಲೂ ಬಹುಪಾಲು ಹೋಗುತ್ತದೆ.

ಹಾಗೆಂದು ಆ ಅಂಟನ್ನು ಪೂರ್ತಿ ಮರೆಯುವಂತಿಲ್ಲ. ಅಮೆರಿಕದ ಸರ್ಕಾರಿ ಉದ್ಯೋಗಗಳ ಮೂತ್ರ ಪರೀಕ್ಷೆಯಲ್ಲಿ ಮಾರ್ಫಿನ್ ಮಿತಿಯನ್ನು 1998ರಲ್ಲಿ ಮಿಲಿಲೀಟರಿಗೆ 300ರಿಂದ 2,000 ನ್ಯಾನೋಗ್ರಾಂಗೆ ಏರಿಸಬೇಕಾಯಿತು. ಗಸಗಸೆ ಉದುರಿಸಿದ ಬನ್ನು ತಿಂದವರೂ ಸಿಕ್ಕಿಬೀಳುತ್ತಿದ್ದರು! ಯುಎಇ ಮತ್ತು ಸಿಂಗಪುರದಲ್ಲಿ ಬೀಜವೇ ನಿಷಿದ್ಧ. ದುಬೈಗೆ ಹೊರಟ ಮಗಳ ಪೆಟ್ಟಿಗೆಯಲ್ಲಿ ಗಸಗಸೆ ಪೊಟ್ಟಣ ಇಡಬೇಡಿ.

ನಮ್ಮ ದೇಶದಲ್ಲಿ ಅಫೀಮು ಬೆಳೆಯಲು ಕೇಂದ್ರ ಸರ್ಕಾರದ ಪರವಾನಗಿ ಬೇಕು. ಅದು ಸಿಗುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ನೀಮಚ್, ಮಂದಸೌರ್, ಚಿತ್ತೋಡಗಢ ಇದರ ಮುಖ್ಯ ಸೀಮೆ. ಒಬ್ಬ ರೈತನಿಗೆ ಸಿಗುವ ಹೊಲ ಸಾಮಾನ್ಯವಾಗಿ ಹೆಕ್ಟೇರಿನ ಹತ್ತನೇ ಒಂದು ಭಾಗದ ಆಸುಪಾಸು. ದೀಪಾವಳಿಯ ಹೊತ್ತಿಗೆ ಬಿತ್ತನೆ, ಜನವರಿ-ಫೆಬ್ರುವರಿಯಲ್ಲಿ ಹೂವು. ಎಸಳು ಉದುರಿ ಕಾಯಿ ಬಲಿತ ಮೇಲೆ ಮಧ್ಯಾಹ್ನ ಗೀರು ಹಾಕುತ್ತಾರೆ, ರಾತ್ರಿಯಿಡೀ ಒಸರಿದ ಹಾಲು ಕಂದಾಗಿ ಗಟ್ಟಿಯಾದುದನ್ನು ಮರುದಿನ ಬೆಳಗ್ಗೆ ಬಿಸಿಲೇರುವ ಮೊದಲೇ ಕೆರೆದು ತೆಗೆಯುತ್ತಾರೆ. ಗೀರು ಆಳವಾದರೆ ಹಾಲು ಕಾಯಿಯ ಒಳಕ್ಕೇ ಇಳಿದು ಬೀಜವೂ ಕೆಡುತ್ತದೆ. ರಾತ್ರಿ ಅಕಾಲ ಮಳೆ ಬಂದರೆ ಅಂದಿನ ಹಾಲು ತೊಳೆದುಹೋಯಿತು. ಉಳಿದದ್ದಕ್ಕೆ ಗಿಳಿಗಳ ಕಾಟ: ಕಾಯಿಯನ್ನೇ ಕತ್ತರಿಸಿಕೊಂಡು ಹಾರುತ್ತವೆ. ದಿನದಿನದ ತೂಕವನ್ನು ಊರಿನ ಲಂಬರದಾರ (ಬೆಳೆಗಾರರ ಮುಖಂಡ) ಬರೆದಿಡಬೇಕು. ಕೊನೆಗೆ ಇಡೀ ಅಫೀಮನ್ನು ಸರ್ಕಾರಕ್ಕೇ ಒಪ್ಪಿಸಬೇಕು. ಈಗ ಬರೀ ತೂಕವನ್ನು ನೋಡುವುದಿಲ್ಲ, ಮಾರ್ಫಿನ್ ಎಷ್ಟಿದೆ ಎಂದೂ ಅಳೆಯುತ್ತಾರೆ. ಕಡಿಮೆ ಬಂದರೆ ಮುಂದಿನ ವರ್ಷದ ಪರವಾನಗಿಗೇ ಕುತ್ತು.

ಈ ಅಳತೆ ಸಾಧ್ಯವಾಗಿ ಇನ್ನೂರು ವರ್ಷವಷ್ಟೇ ಆಯಿತು. ಅದಕ್ಕೆ ಮೊದಲು ಅಫೀಮು ಪ್ರಬಲ ಔಷಧವಾಗಿತ್ತು, ಆದರೆ ಎಷ್ಟು ಪ್ರಬಲ ಎಂದು ಯಾರೂ ಹೇಳುವಂತಿರಲಿಲ್ಲ. ಚರಕ, ಸುಶ್ರುತ ಸಂಹಿತೆಗಳಲ್ಲಿ ಇಲ್ಲದ ‘ಅಹಿಫೇನ’ ಮಧ್ಯಯುಗದ ಆಯುರ್ವೇದ ಗ್ರಂಥಗಳಲ್ಲಿ ಭೇದಿಗೆ ಮದ್ದಾಗಿ ಕಾಣಿಸಿಕೊಳ್ಳುತ್ತದೆ. ಈಸ್ಟ್ ಇಂಡಿಯಾ ಕಂಪನಿಯಂತೂ ಇದನ್ನು ಪೆಟ್ಟಿಗೆಗಟ್ಟಲೆ ಚೀನಾಕ್ಕೆ ಸಾಗಹಾಕಿತು. 1839ರಲ್ಲಿ ಬ್ರಿಟನ್-ಚೀನಾ ನಡುವೆ ಶುರುವಾದ ಅಫೀಮು ಯುದ್ಧದ ಬೇರು ಅಲ್ಲಿದೆ. 1820ರಲ್ಲಿ ಆರಂಭವಾದ ಗಾಜಿಪುರದ ಅಫೀಮು ಕಾರ್ಖಾನೆ ಆ ವ್ಯಾಪಾರದ ಕೂಸು. ಒಂದು ಉಂಡೆ ನೋವು ನೀಗಿಸಿದರೆ ಅಷ್ಟೇ ದೊಡ್ಡ ಇನ್ನೊಂದು ಉಂಡೆ ಉಸಿರನ್ನೇ ನಿಲ್ಲಿಸಬಹುದಿತ್ತು, ಏಕೆಂದರೆ ಹೊಲದಿಂದ ಹೊಲಕ್ಕೆ, ವರ್ಷದಿಂದ ವರ್ಷಕ್ಕೆ ಸತ್ವ ಬೇರೆ. ಕಲಬೆರಕೆ ಬೇರೆ. 1800ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ಪಾಡರ್‌ಬಾರ್ನ್‌ನಲ್ಲಿ ಔಷಧದಂಗಡಿಯ ಸಹಾಯಕನಾಗಿದ್ದ ಫ್ರೀಡ್ರಿಕ್ ಸೆರ್ಟ್ಯೂರ್ನರ್ ಅಫೀಮಿನಿಂದ ಹರಳುಗಟ್ಟುವ ಒಂದು ವಸ್ತುವನ್ನು ಬೇರ್ಪಡಿಸಿದ, ಮುಂದೆ ತನ್ನ ಮೇಲೂ ಮೂವರು ಯುವಕರ ಮೇಲೂ ಪ್ರಯೋಗಿಸಿ ಎಲ್ಲರೂ ಅಪಾಯದ ಅಂಚಿಗೆ ಹೋಗಿ ಬಂದರು. ಗಿಡದಿಂದ ಪಡೆದ ಮೊದಲ ಆಲ್ಕಲಾಯ್ಡ್ (ಸಾರಜನಕವಿರುವ ಕ್ಷಾರೀಯ ಸತ್ವ) ಎಂದು ಹೆಸರಾದ ಅದೇ ಮಾರ್ಫಿನ್. 1832ರಲ್ಲಿ ಫ್ರಾನ್ಸಿನ ರೋಬಿಕೆ ಅಫೀಮಿನಲ್ಲೇ ಇರುವ ಇನ್ನೊಂದು ಸತ್ವ ಕೊಡೀನ್ ಕಂಡುಹಿಡಿದ.

ಕೆಮ್ಮಿನ ಸಿರಪ್‌ನಿಂದ ಪರಿಚಿತವಾದ ಈ ಕೊಡೀನ್ ಮಾರ್ಫಿನ್‌ಗಿಂತ ಸೌಮ್ಯ ಎಂಬ ನಂಬಿಕೆ ಅರ್ಧ ಸತ್ಯ. ಅದು ನೋವು ಕಳೆಯುವುದು ಮುಖ್ಯವಾಗಿ ಯಕೃತ್ತಿನಲ್ಲಿ ಅದರ ಸುಮಾರು 5ರಿಂದ 10 ಶೇಕಡಾ ಭಾಗ ಮಾರ್ಫಿನ್ ಆಗಿ ಬದಲಾದ ಮೇಲೆ. ಆ ಕೆಲಸ ಮಾಡುವ ಕಿಣ್ವ ಕೆಲವರಲ್ಲಿ ಮಂದ, ಅವರಿಗೆ ಮಾತ್ರೆ ನುಂಗಿದರೂ ನೋವು ಹಾಗೇ ಇರುತ್ತದೆ. ಕೆಲವರಲ್ಲಿ ಅತಿ ಚುರುಕು, ಮಾಮೂಲಿ ಪ್ರಮಾಣವೇ ಅವರಿಗೆ ವಿಷ. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಹೀಗೆ ಮಕ್ಕಳು ಸತ್ತ ಮೇಲೆ, 12 ವರ್ಷದೊಳಗಿನವರಿಗೆ ಕೊಡೀನ್ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಹೇಳಿದರು.

ಕ್ಯಾನ್ಸರಿನ ತೀವ್ರ ನೋವಿಗೆ ಹಾಗಾಗಿ ನೇರ ಮಾರ್ಫಿನ್ನೇ ಮೇಲು. ವಯಸ್ಕರಿಗೆ ವೈದ್ಯರು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ 5ರಿಂದ 10 ಮಿಲಿಗ್ರಾಂ ಬಾಯಿಯ ಮೂಲಕ ಕೊಟ್ಟು ಶುರುಮಾಡಿ, ನೋವು ನೋಡಿಕೊಂಡು ಏರಿಸುತ್ತಾರೆ. ನೋವು ಬಂದಾಗ ನುಂಗುವ ಮಾತ್ರೆಯಲ್ಲ ಇದು, ಗಡಿಯಾರ ನೋಡಿ ನುಂಗಬೇಕಾದದ್ದು. ವಾಂತಿ, ಮಂಪರು ಕೆಲವು ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಇಳಿಯುವುದಿಲ್ಲ, ಏಕೆಂದರೆ ಮಾರ್ಫಿನ್ ಹೋಗಿ ಕೂರುವ ಗ್ರಾಹಕಗಳು (ಜೀವಕೋಶದ ಮೇಲಿನ ಕೊಂಡಿಗಳು) ಮಿದುಳಿನಂತೆ ಕರುಳಿನಲ್ಲೂ ಇವೆ. ಮೊದಲ ದಿನದಿಂದಲೇ ಜೊತೆಗೆ ಮಲ ಸಡಿಲಿಸುವ ಮದ್ದು ಬರೆಯದ ಚೀಟಿ ಅರ್ಧ ಚೀಟಿ. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನ ಉಪೋತ್ಪನ್ನಗಳು ದೇಹದಲ್ಲೇ ಉಳಿಯುವುದರಿಂದ ಪ್ರಮಾಣ ಇಳಿಸಬೇಕು ಅಥವಾ ಬೇರೆ ಔಷಧ ಹುಡುಕಬೇಕು.

ಅಫೀಮು ಬೆಳೆದು ರಫ್ತೂ ಮಾಡುವ ದೇಶದಲ್ಲಿ ಬಹಳ ರೋಗಿಗಳಿಗೆ ಈ ಅಗ್ಗದ ಮಾತ್ರೆ ಸಿಗದಿರುವುದು ನಾಚಿಕೆಯ ಸಂಗತಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಆಸ್ಪತ್ರೆಗಳಿಗೆ ಹಲವು ಪರವಾನಗಿಗಳು ಬೇಕಿದ್ದವು. 2014ರ ತಿದ್ದುಪಡಿ ಅದನ್ನು ಸರಳಗೊಳಿಸಿತು, ಮಾನ್ಯತೆ ಪಡೆದ ಸಂಸ್ಥೆಗಳಿಗೆ ಒಂದೇ ಅನುಮತಿ ಸಾಕು. ಆದರೂ ವೈದ್ಯರ ಅಂಜಿಕೆ ಕಾಯ್ದೆಯಷ್ಟು ಬೇಗ ತಿದ್ದುಪಡಿಯಾಗಿಲ್ಲ.

ಪ್ರಮಾಣ ಮೀರಿದಾಗಿನ ಮದ್ದೂ ಇದೇ ಹಾಲಿನಿಂದ ಬರುತ್ತದೆ. ಅದರಲ್ಲಿರುವ ಥೀಬೈನ್ ನೋವು ಕಳೆಯುವುದಿಲ್ಲ, ಅಪಸ್ಮಾರದಂಥ ಸೆಳೆತ ತರುತ್ತದೆ. ಕಾರ್ಖಾನೆಯಲ್ಲಿ ಅದನ್ನು ರೂಪಾಂತರಿಸಿದರೆ ನಲಾಕ್ಸೋನ್ ಸಿಗುತ್ತದೆ. ರಕ್ತನಾಳಕ್ಕೆ ಕೊಟ್ಟ ಒಂದೆರಡು ನಿಮಿಷದಲ್ಲಿ ಅದು ಮಾರ್ಫಿನ್ನನ್ನು ಗ್ರಾಹಕಗಳಿಂದ ತಳ್ಳಿ ಉಸಿರಾಟ ಮರಳಿಸುತ್ತದೆ. ಆದರೆ ಅದರ ಪ್ರಭಾವ ಸುಮಾರು 30ರಿಂದ 90 ನಿಮಿಷ, ಮಾರ್ಫಿನ್‌ದು ಅದಕ್ಕಿಂತ ದೀರ್ಘ. ಹೀಗಾಗಿ ಎದ್ದು ಕೂತು ಮಾತಾಡಿದ ರೋಗಿಯನ್ನೂ ಗಂಟೆಗಟ್ಟಲೆ ಕಾಯ್ದು, ಬೇಕಾದರೆ ಮತ್ತೆ ಮತ್ತೆ ಕೊಡಬೇಕಾಗುತ್ತದೆ.